ಗುರುತಿಲ್ಲದವರು ಮಕ್ಕಳನ್ನು ಮುಟ್ಟಿದರೆ ಸುಮ್ಮನಿರಬೇಕಾ, ಬೇಡ ಅನ್ನಬೇಕಾ?

ನಿಮ್ಮ ಪ್ರಶ್ನೆ ಓದಿ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು. ಮೈಸೂರಿನಿಂದ ಕಲಬುರಗಿಗೆ ವರ್ಗವಾಗಿ ಬಂದು ಮೂರು ತಿಂಗಳು. ಎಂಟು ತಿಂಗಳ ಮಗಳು, ಐದು ವರ್ಷದ ಮಗ. ಸೂಪರ್ ಮಾರ್ಕೆಟ್‌ಗೆ ಹೋದರೂ ಅಪ್ಪನ ಕೆರೆ ಕಡೆ ಹೋದರೂ ಯಾರೋ ಬಂದು ಗಲ್ಲ ಹಿಂಡುತ್ತಾರೆ, ಮುತ್ತು ಕೊಡುತ್ತಾರೆ, ಕೇಳದೇ ಎತ್ತಿಕೊಳ್ಳುತ್ತಾರೆ. ಸುಮ್ಮನಿದ್ದರೆ ಮನಸ್ಸು ಒಪ್ಪಲ್ಲ, ಬೇಡ ಅಂದರೆ ಸೊಕ್ಕು ಅಂದುಕೊಳ್ಳುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಇಲ್ಲಿಯವನೇ. ಹುಟ್ಟಿದ್ದು ಆಳಂದ ಕಡೆಯ ಹಳ್ಳಿ, ಈಗ ಕಲಬುರಗಿಯಲ್ಲಿ ಒಂದು ಸಣ್ಣ ಮೆಡಿಕಲ್ ಅಂಗಡಿ. ಇಬ್ಬರು ಮಕ್ಕಳು. ಈ ವಿಷಯದಲ್ಲಿ ಎರಡೂ ಥರದ ತಪ್ಪು ಮಾಡಿದ್ದೇನೆ. ಬೈಯಬಾರದವರಿಗೆ ಬೈದಿದ್ದೇನೆ, ಬೇಡ ಅನ್ನಬೇಕಾದ ಕಡೆ ಹಲ್ಲು ಕಿಸಿದು ಕೂತಿದ್ದೇನೆ.

ಬೈದದ್ದು ಶರಣಬಸವೇಶ್ವರ ಜಾತ್ರೆಯಲ್ಲಿ. ಹೋಳಿ ಆದ ಮೇಲೆ ತೇರು ಎಳೆಯುತ್ತಾರೆ, ಈ ವರ್ಷ ನೀವೂ ನೋಡುತ್ತೀರಿ. ಜನ ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಮಗನಿಗೆ ಆಗ ಒಂಬತ್ತು ತಿಂಗಳು, ನನ್ನ ಹೆಗಲ ಮೇಲಿದ್ದ. ಪಕ್ಕದಲ್ಲಿದ್ದ ಒಬ್ಬ ಆಯಿ ತೇರಿಗೆ ಬಡಿದು ಕೆಳಗೆ ಬಿದ್ದ ಉತ್ತತ್ತಿ ಎತ್ತಿಕೊಂಡಳು, ಸೆರಗಿನಲ್ಲಿ ಒರೆಸಿದಳು, ಸೀದಾ ಅವನ ಬಾಯಿಗೆ ಇಟ್ಟಳು. ನಾನು ಅವಳ ಕೈ ತಳ್ಳಿ ಜೋರಾಗಿ ಕೂಗಾಡಿದೆ. ಆಯಿ ಒಂದೇ ಮಾತು ಅಂದಳು: "ದೇವರ ಪ್ರಸಾದ ಅದನೋ ತಮ್ಮಾ, ನಾ ಏನ್ ವಿಷ ಹಾಕ್ಲಾಕತ್ತಿದ್ನಾ?" ಕಣ್ಣು ತುಂಬಿಕೊಂಡಿದ್ದಳು.

ಉತ್ತತ್ತಿ ಬೇಡ ಅಂದದ್ದು ಸರಿಯೇ. ಕಲ್ಲಿನಂಥದ್ದು, ಹಲ್ಲಿಲ್ಲದ ಕೂಸಿನ ಗಂಟಲಿಗೆ ಸಿಕ್ಕಿದರೆ ಮುಗಿಯಿತು. ಅನ್ನುವ ರೀತಿ ಸರಿ ಇರಲಿಲ್ಲ. ಈಗ ಯಾರೇ ಕೂಸಿನ ಬಾಯಿಗೆ ಏನೇ ತಂದರೂ ನಡುವೆ ನನ್ನ ಬಲಗೈ ಚಾಚುತ್ತೇನೆ. ತಗೊಂಡು ಕಣ್ಣಿಗೆ ಒತ್ತಿಕೊಂಡು ಜೇಬಿಗೆ ಹಾಕುತ್ತೇನೆ. ಪ್ರಸಾದಕ್ಕೂ ಮರ್ಯಾದೆ ಆಯಿತು, ಕೂಸಿನ ಬಾಯಿಗೂ ಹೋಗಲಿಲ್ಲ. ಕಲ್ಲುಸಕ್ಕರೆ, ಶೇಂಗಾ ಎಲ್ಲಕ್ಕೂ ಇದೇ ಉಪಾಯ. ಜೇನುತುಪ್ಪ ನೆಕ್ಕಿಸುವವರೂ ಇರುತ್ತಾರೆ. ಒಂದು ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು, ಯಾರು ಏನೇ ಹೇಳಲಿ.

ಇಲ್ಲಿಯ ಹಳೆ ಮಂದಿಗೆ ಕೂಸನ್ನು ಮುಟ್ಟದೆ ಮುಂದೆ ಹೋಗುವುದೇ ಗೊತ್ತಿಲ್ಲ. "ಯವ್ವಾ, ಎಷ್ಟ್ ಚಂದ ಅದ ಕೂಸು" ಅಂತ ಎರಡೂ ಕೈಯಿಂದ ಮುಖ ಸವರಿ, ಅದೇ ಕೈ ತಮ್ಮ ತಲೆಯ ಎರಡೂ ಬದಿಗೆ ಒತ್ತಿ ಲಟಿಕೆ ಮುರಿಯುತ್ತಾರೆ. ದೃಷ್ಟಿ ತಾಕಬಾರದು ಅಂತ. ಚಂದ ಇದೆ ಅಂದು ಮುಟ್ಟದೇ ಹೋದರೆ ಅವರ ಲೆಕ್ಕದಲ್ಲಿ ಕಣ್ಣು ಹಾಕಿ ಹೋದಂತೆ. ಬಂದೇ ನವಾಜ್ ದರ್ಗಾ ಕಡೆ ಹೋದರೆ ಮಾಷಾಅಲ್ಲಾ ಅಂತ ತಲೆ ಸವರುತ್ತಾರೆ. ನೀವು ಕೂಸನ್ನು ರಪ್ಪನೆ ಎಳೆದುಕೊಂಡರೆ ಅವರಿಗೆ ಅರ್ಥವಾಗುವುದು "ನಿನ್ನ ಕೈ ಹೊಲಸು" ಅಂತಲೇ.

ಹಾಗಂತ ಎಂಟು ತಿಂಗಳ ಮಗಳನ್ನು ಎಲ್ಲರ ಕೈಗೂ ಕೊಡಿ ಅಂತ ಅಲ್ಲ. ಹುಟ್ಟಿದ ಮೊದಲ ಎರಡು ಮೂರು ತಿಂಗಳಂತೂ ಹೊರಗಿನವರ ಕೈ, ಬಾಯಿ ಎರಡೂ ದೂರವಿರಬೇಕು. ತುಟಿಯ ಮೇಲೆ ನೀರುಗುಳ್ಳೆ ಎದ್ದವರು ಹಸುಗೂಸಿಗೆ ಮುತ್ತು ಕೊಟ್ಟರೆ ಆ ವೈರಸ್ ಕೂಸಿನ ಜೀವಕ್ಕೇ ಕುತ್ತು ತರಬಹುದು. ನಿಮ್ಮ ಮಗಳು ಆ ಹಂತ ದಾಟಿದ್ದಾಳೆ. 6, 10, 14 ವಾರದ ಪೆಂಟಾವೇಲೆಂಟ್ ಲಸಿಕೆ ಆಗಿದ್ದರೆ ನಾಯಿಕೆಮ್ಮಿಗೂ ಸ್ವಲ್ಪ ಗುರಾಣಿ ಇದೆ. ಆದರೆ ದಡಾರದ ಮೊದಲ ಲಸಿಕೆ 9 ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಕೆಮ್ಮುವವರು, ಮೈಮೇಲೆ ಕೆಂಪು ದದ್ದು ಎದ್ದವರು ಹತ್ತಿರ ಬಂದರೆ ನೀವೇ ಎದ್ದು ಆಚೆ ಹೋಗಿ. ಅಲ್ಲಿ ಸಂಕೋಚ ಬೇಡ.

ಉಳಿದ ಹೊತ್ತಿಗೆ ನನ್ನ ಹೆಂಡತಿ ಮಾಡುತ್ತಿದ್ದದ್ದು ಹೇಳುತ್ತೇನೆ. ಕೂಸಿನ ಕೈ ಸದಾ ಬಾಯಲ್ಲಿರುತ್ತದೆ, ಅಲ್ವಾ? ಅದಕ್ಕೇ ಮುಖ ಬೇಡ, ಕೈ ಬೇಡ. ಯಾರಾದರೂ ಕೈ ಚಾಚಿದರೆ ಕೂಸನ್ನು ಹೆಗಲಿಗೆ ತಿರುಗಿಸಿ ಕಾಲು ಮುಂದೆ ಮಾಡುತ್ತಿದ್ದಳು. "ಕಾಲ ಮುಟ್ರಿ ಆಯಿ, ಮಾರಿ ಬ್ಯಾಡ್ರಿ, ಡಾಕ್ಟರ್ ಬೈತಾರ." ಬೈಗುಳವೆಲ್ಲ ಡಾಕ್ಟರ ತಲೆಗೆ. ಅಂಗಡಿಗೆ ಬರುವ ಬಾಣಂತಿಯರಿಗೂ ನಾನು ಇದನ್ನೇ ಹೇಳಿಕೊಡುತ್ತೇನೆ. ಅಜ್ಜಿಯಂದಿರು ಪುಟ್ಟ ಕಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ನಗುತ್ತಾ ಹೋಗುತ್ತಾರೆ. ಇಲ್ಲಿಯವರೆಗೆ ಯಾರೂ ಸಿಟ್ಟಾದದ್ದು ನಾನು ನೋಡಿಲ್ಲ.

ಐದು ವರ್ಷದ ಮಗನದ್ದು ಬೇರೆಯೇ ಮಾತು. ನನಗೆ ಇದು ತಡವಾಗಿ ಗೊತ್ತಾಯಿತು.

ತಂಗಿಯನ್ನು ಹುಮನಾಬಾದಿಗೆ ಕೊಟ್ಟಿದ್ದೇವೆ. 2017ರಲ್ಲಿ ಬೀದರ್ ರೈಲು ಶುರುವಾದ ಮೇಲೆ ರೈಲಲ್ಲೇ ಹೋಗಿ ಬರುತ್ತೇವೆ. ಮಗನಿಗೆ ಆಗ ನಿಮ್ಮ ಮಗನ ವಯಸ್ಸು. ಎದುರಿಗೆ ಐವತ್ತರ ಆಸುಪಾಸಿನ ಒಬ್ಬರು, ಭಾಳ ಮಾತುಗಾರರು. ಕೂತ ಐದು ನಿಮಿಷಕ್ಕೆ "ಬಾ ಸಾಹುಕಾರಾ" ಅಂತ ಮಗನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಗಲ್ಲ ಹಿಂಡುವುದು, ಹೊಟ್ಟೆಗೆ ಕಚಗುಳಿ ಇಡುವುದು, ತಲೆ ಕೆದರುವುದು. ಅವನು ಒಂದು ಸಲ ಇಳಿಯಲು ನೋಡಿದ, ಅವರು ಮತ್ತೆ ಎಳೆದುಕೊಂಡರು. ನಾನು ಅವರ ಜೊತೆ ತೊಗರಿ ರೇಟಿನ ಬಗ್ಗೆ ಮಾತಾಡುತ್ತಿದ್ದೆ. ಮರಗುತ್ತಿ ಸುರಂಗ ಬಂದು ಡಬ್ಬಿ ಮಬ್ಬಾಯಿತು. ಮತ್ತೆ ಬೆಳಕಾದಾಗ ನೋಡಿದರೆ ಹುಡುಗ ಕಟ್ಟಿಗೆ ತುಂಡಿನ ಹಾಗೆ ಸೆಟೆದು ಕೂತಿದ್ದಾನೆ, ಕಣ್ಣು ನನ್ನ ಮೇಲೇ ಇದೆ. ನಾನು ಅವನಿಗೂ ಒಂದು ನಗು ನಕ್ಕೆ.

ರಾತ್ರಿ ತಂಗಿಯ ಮನೆಯಲ್ಲಿ ಮಲಗಿದಾಗ ಕೇಳಿದ: "ಪಪ್ಪಾ, ನನಗ ಬ್ಯಾಡಾಗಿತ್ತು. ನೀ ಯಾಕ ನಗ್ಲಾಕತ್ತಿದ್ದಿ?"

ಆ ಮನುಷ್ಯ ಕೆಟ್ಟದ್ದೇನೂ ಮಾಡಿರಲಿಲ್ಲ, ಅದು ಖರೇ. ಆದರೆ ಹುಡುಗನಿಗೆ ನೆನಪಿದ್ದದ್ದು ಆ ಮನುಷ್ಯನ ಕೈ ಅಲ್ಲ, ನನ್ನ ನಗು. ಅವನ ಲೆಕ್ಕದಲ್ಲಿ ನಾನು ಆ ಕಡೆ ಕೂತಿದ್ದೆ.

ಆದ್ದರಿಂದ ದೊಡ್ಡ ಮಗುವಿನ ವಿಷಯದಲ್ಲಿ ಮುಟ್ಟುವವರ ಮುಖ ನೋಡಬೇಡಿ, ಮಗನ ಮುಖ ನೋಡಿ. ಅವನು ನಗುತ್ತಾ ಆಡುತ್ತಿದ್ದರೆ ಬಿಡಿ. ಮೈ ಬಿಗಿ ಹಿಡಿದರೆ, ನಿಮ್ಮ ಹಿಂದೆ ಸರಿದರೆ, ಅವನ ಮುಂದೆಯೇ, ಅವನ ಕಿವಿಗೆ ಬೀಳುವಂತೆ ಹೇಳಿ: "ಅವನಿಗ ಬ್ಯಾಡಂತ್ರಿ, ಬಿಡ್ರಿ." ನಗುತ್ತಲೇ ಹೇಳಬಹುದು, ಆದರೆ ಹೇಳಬೇಕು. "ನಾಚ್ತಾನ್ರಿ" ಅಂತ ಮಾತ್ರ ಹೇಳಬೇಡಿ. ಬೇಡ ಅನ್ನುವುದೇ ಅವನ ಕೊರತೆ ಅನ್ನುವ ಹಾಗೆ ಕೇಳಿಸುತ್ತದೆ. ಇನ್ನೊಂದು, ಮುಟ್ಟಿಸಿಕೊಳ್ಳುವ ಬದಲು ಅವನು ಏನು ಮಾಡಬೇಕು ಅಂತಲೂ ಹೇಳಿಕೊಡಬೇಕು. ನಮ್ಮ ಊರಲ್ಲಿ ಅದಕ್ಕೆ ಸುಲಭವಿದೆ. ಎರಡೂ ಕೈ ಜೋಡಿಸಿ "ಶರಣ್ರಿ" ಅನ್ನುವುದು. ಮಗುವೇ ಮೊದಲು ಕೈ ಜೋಡಿಸಿದರೆ ಗಲ್ಲಕ್ಕೆ ಬಂದ ಕೈ ಅಲ್ಲೇ ನಿಂತು ತಾನೂ ಜೋಡಿಸುತ್ತದೆ.

ಬಸ್ಸಿನಲ್ಲಿ ಈ ನಿಯಮ ಸ್ವಲ್ಪ ಸಡಿಲ ಮಾಡಿ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಆಳಂದ ಬಸ್ಸು ಹತ್ತುವುದೇ ಒಂದು ಸಾಹಸ. ನೀವು ನಿಂತಿದ್ದರೆ ಕೂತವರು ಕೇಳದೆಯೇ ಕೂಸನ್ನು ಎಳೆದು ತೊಡೆಗೆ ಹಾಕಿಕೊಳ್ಳುತ್ತಾರೆ. ಅದು ಉಪಕಾರ, ಬ್ರೇಕ್ ಹಾಕಿದಾಗ ಗೊತ್ತಾಗುತ್ತದೆ. ಕೊಡಿ. ಕೂಸಿನ ಮುಖ ನಿಮ್ಮ ಕಡೆ ಇರಲಿ, ನಿಮ್ಮ ಒಂದು ಕೈ ಅದರ ಮೇಲಿರಲಿ.

ಈಗ ನಿಜವಾಗಿ ಹೆದರುವ ವಿಷಯ. ಮಗು ಬೇಡ ಅಂದ ಮೇಲೂ ಬಿಡದವರು, ಆ ಕಡೆ ಈ ಕಡೆ ಕರೆದುಕೊಂಡು ಹೋಗುತ್ತೇನೆ ಅನ್ನುವವರು, "ಅಪ್ಪಗ ಹೇಳಬ್ಯಾಡ" ಅನ್ನುವವರು, ಚಡ್ಡಿ ಬನಿಯನ್ ಮುಚ್ಚುವ ಜಾಗಕ್ಕೆ ಕೈ ಹಾಕುವವರು. ಇಲ್ಲಿ ನಗುವಿಲ್ಲ, ಡಾಕ್ಟರ ನೆಪವಿಲ್ಲ. ಮಗುವನ್ನು ಎಳೆದುಕೊಂಡು ಜೋರಾಗಿ "ಕೈ ತೆಗಿ" ಅನ್ನಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಗಂಡು, ಹೆಣ್ಣು ಇಬ್ಬರಿಗೂ ಇದೆ. ಬಟ್ಟೆಯ ಮೇಲಿಂದ ಮುಟ್ಟಿದರೆ ಲೆಕ್ಕಕ್ಕಿಲ್ಲ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ತಳ್ಳಿಹಾಕಿದೆ. ಕೆಟ್ಟ ಉದ್ದೇಶ ಇದ್ದರೆ ಸಾಕು. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ದುಡ್ಡಿಲ್ಲ. ಇಂಥದ್ದು ಮಾಡುವವರಲ್ಲಿ ಗುರುತಿನವರೇ ಜಾಸ್ತಿ. ರೈಲಿನಲ್ಲಿ ಕಲಿತ "ಬ್ಯಾಡ" ಮನೆಗೆ ಬರುವ ಕಾಕಾನ ಮುಂದೆಯೂ ಬಾಯಿಗೆ ಬರಬೇಕು.

ಆದರೆ ಎಷ್ಟೇ ಸಿಟ್ಟು ಬಂದರೂ "ಮಕ್ಕಳ ಕಳ್ಳ" ಅಂತ ಮಾತ್ರ ಕೂಗಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಗೆಳೆಯರ ಒಂದು ಗುಂಪು ಬಂದಿತ್ತು. ಅವರಲ್ಲೊಬ್ಬರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅಷ್ಟೇ. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಓಡಿತು. ಮುರ್ಕಿ ಹತ್ತಿರ ಜನ ಅಡ್ಡಗಟ್ಟಿ ಹೊಡೆದರು, ಒಬ್ಬ ಯುವಕ ಸತ್ತೇ ಹೋದ. ಆ ದಿನಗಳಲ್ಲಿ ಅಂಥ ಮೆಸೇಜು ನನ್ನ ಫೋನಿಗೂ ಬಂದಿದ್ದವು. ಒಂದೆರಡನ್ನು ನಾನೂ ಮುಂದಕ್ಕೆ ಕಳಿಸಿದ್ದೆ, ಈಗ ಹೇಳಲು ನಾಚಿಕೆಯಾಗುತ್ತದೆ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ, ಪೊಲೀಸರು ನೋಡಿಕೊಳ್ಳಲಿ.

ಸೊಕ್ಕು ಅಂದುಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಒಬ್ಬಿಬ್ಬರು ಅಂದುಕೊಳ್ಳುತ್ತಾರೆ. ನನ್ನ ಮಗಳಿಗೆ ಈಗ ಆರು, ಸಂಜೆ ಅಂಗಡಿಯಲ್ಲೇ ಕೂತು ಹೋಂವರ್ಕ್ ಮಾಡುತ್ತಾಳೆ. ಹೋದ ವಾರ ಬಿಪಿ ಗುಳಿಗೆಗೆ ಬರುವ ಮುತ್ಯಾ ಕೌಂಟರ್ ಮೇಲಿಂದ ಬಗ್ಗಿ ಗಲ್ಲಕ್ಕೆ ಕೈ ಹಾಕಲು ಬಂದರು. ಅವಳು ಪೆನ್ಸಿಲ್ ಕೆಳಗಿಟ್ಟು, ಕೈ ಜೋಡಿಸಿ, "ಬ್ಯಾಡ್ರಿ ಮುತ್ಯಾ. ಶರಣ್ರಿ" ಅಂದಳು. ಮುತ್ಯಾ ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಗುಳಿಗೆ ಎಣಿಸುತ್ತಲೇ ಇದ್ದೆ. ಆಮೇಲೆ ಅವರೂ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿದರು. "ಶರಣ್ರಿ ಅಕ್ಕೋರೆ. ನಿಮ್ಮಪ್ಪಗ ಹತ್ತು ರೂಪಾಯಿ ಕಮ್ಮಿ ಮಾಡ್ಲಾಕ ಹೇಳ್ರಿ" ಅಂದರು.