ಸಿಯಾಟಲ್‌ಗೆ ಹೊರಟಿರುವ ಕಲಬುರಗಿಯ ತಂಗಿಗೆ

ತಂಗಿ, ನಿಮ್ಮ ಪತ್ರ ಓದಿದೆ. ರಸ್ತೆಬದಿಯ ಡೇರೆಗಳು, ಮುಖ ಮುಚ್ಚಿಕೊಂಡ ಅರಾಜಕತಾವಾದಿಗಳು, ಪೊಲೀಸರೇ ಇಲ್ಲದ ಬೀದಿ, ಇವನ್ನೆಲ್ಲ ಮೊಬೈಲಿನಲ್ಲಿ ನೋಡಿದ ನಿಮ್ಮ ತಂದೆಯವರು ಬ್ರಹ್ಮಪುರದ ಮನೆಯಲ್ಲಿ ಕುಳಿತು, ಇಂಥ ಊರಿಗೆ ಮಗಳನ್ನು ಕಳಿಸುವುದು ಹೇಗೆ ಎಂದು ಚಿಂತಿಸುತ್ತಿದ್ದಾರೆ ಎಂದಿದ್ದೀರಿ. ಇಲ್ಲಿನ ಎಡಪಂಥೀಯರು ಹೇಳುವುದಾದರೂ ಏನು, ವಿದ್ಯಾರ್ಥಿ ವೀಸಾದಲ್ಲಿ ಬಂದವರು ಅವರ ಜೊತೆ ಎಲ್ಲಿಯವರೆಗೆ ಹೋಗಬಹುದು ಎಂಬುದು ನಿಮ್ಮ ಪ್ರಶ್ನೆ. ಬಹಳ ವರ್ಷಗಳಿಂದ ಇಲ್ಲೇ ನೆಲೆಸಿರುವ ನಾನು ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲನೆಯದಾಗಿ, ಎಡಪಂಥೀಯರೆಲ್ಲ ಒಂದೇ ಗುಂಪಿನವರಲ್ಲ. ಸಮಾಜವಾದಿಗಳು ಚುನಾವಣೆಗೆ ನಿಂತು ಕಾನೂನು ಮಾಡಿಸುವವರು. ಪುಣೆ ಮೂಲದ ಕ್ಷಮಾ ಸಾವಂತ್ ನಗರಸಭೆಗೆ ಆಯ್ಕೆಯಾಗಿ ಬಂದ ಮೇಲೆ, 2014ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಕಾನೂನು ಬಂತು. 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನೂ ಈ ನಗರ ನಿಷೇಧಿಸಿತು. ನಮ್ಮ ಕಡೆಯವರಲ್ಲಿ ಹಲವರು ಆ ಕಾನೂನನ್ನು ವಿರೋಧಿಸಿದರೆಂಬುದು ಬೇರೆ ಮಾತು. ಸರ್ಕಾರದ ಅಧಿಕಾರವೇ ಬೇಡ, ಜನ ತಾವೇ ಕೂಡಿ ನಡೆಸಿಕೊಳ್ಳಲಿ ಎನ್ನುವ ಅರಾಜಕತಾವಾದಿಗಳಿಗೆ ಈ ದಾರಿಯಲ್ಲಿ ನಂಬಿಕೆಯಿಲ್ಲ. ಮನೆಯಿಲ್ಲದವರ ನೆರವಿಗಾಗಿ ದೊಡ್ಡ ಕಂಪನಿಗಳ ಮೇಲೆ ನೌಕರನೊಬ್ಬನಿಗೆ ವರ್ಷಕ್ಕೆ 275 ಡಾಲರ್ ತೆರಿಗೆ ಹಾಕಲು 2018ರ ಮೇ ತಿಂಗಳಲ್ಲಿ ಒಪ್ಪಿದ ನಗರಸಭೆಯೇ, ಕಂಪನಿಗಳು ಕಣ್ಣು ಕೆಂಪಗೆ ಮಾಡಿದೊಡನೆ ಜೂನ್‌ನಲ್ಲಿ ಅದನ್ನು ರದ್ದು ಮಾಡಿದ್ದನ್ನು ಅವರು ಇಂದಿಗೂ ಎತ್ತಿ ಆಡುತ್ತಾರೆ. ಅರಾಜಕತೆ ಎಂದರೆ ಬರೀ ದೊಂಬಿ ಎಂದುಕೊಂಡಿರುವವರಿಗೆ ಇನ್ನೊಂದು ಸಂಗತಿ ಹೇಳಬೇಕು: ಮೇ 1ರಂದು ಕಲಬುರಗಿಯ ಕಚೇರಿಗಳಿಗೆ ಸಿಗುವ ರಜೆಯ ಹಿಂದಿರುವುದು 1886ರಲ್ಲಿ ಎಂಟು ಗಂಟೆಯ ದುಡಿಮೆಗಾಗಿ ಷಿಕಾಗೋದಲ್ಲಿ ನಡೆದ ಮುಷ್ಕರ, ಮತ್ತು ಮರುವರ್ಷ ಗಲ್ಲಿಗೇರಿದ ನಾಲ್ವರು ಅರಾಜಕತಾವಾದಿಗಳು. ಆದರೆ ಅಮೆರಿಕದಲ್ಲೇ ಆ ದಿನ ರಜೆಯಿಲ್ಲ.

ಪೊಲೀಸರಿಲ್ಲದ ಬೀದಿ ಇದ್ದದ್ದು ನಿಜ, ಆದರೆ ಅದು ಮುಗಿದ ಕಥೆ. ಪೊಲೀಸರ ಕೈಯಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ, 2020ರ ಜೂನ್‌ನಲ್ಲಿ, ಸಿಯಾಟಲ್‌ನ ಕ್ಯಾಪಿಟಲ್ ಹಿಲ್ ಬಡಾವಣೆಯ ಠಾಣೆಯನ್ನು ಪೊಲೀಸರು ಬಿಟ್ಟುಹೋದಾಗ ಪ್ರತಿಭಟನಕಾರರು ಸುತ್ತಲಿನ ಬೀದಿಗಳನ್ನು ತಾವೇ ನಡೆಸಿದರು. ಉಚಿತ ಊಟ, ಔಷಧೋಪಚಾರ, ಕೈತೋಟ ಎಲ್ಲವೂ ಇದ್ದವು. ಗುಂಡೇಟಿಗೆ ಇಬ್ಬರು ಹದಿಹರೆಯದವರು ಸತ್ತದ್ದೂ ಅಲ್ಲಿಯೇ. ಜುಲೈ 1ರಂದು ಪೊಲೀಸರು ಅದನ್ನು ತೆರವುಗೊಳಿಸಿದರು. ಪೊಲೀಸರ ಹಣವನ್ನು ವಸತಿಗೂ ಮಾನಸಿಕ ಆರೋಗ್ಯಕ್ಕೂ ತಿರುಗಿಸಿ ಎಂಬ ಬೇಡಿಕೆ ನನಗೆ ಸರಿಯೆನಿಸುತ್ತದೆ. ಪೊಲೀಸರೇ ಬೇಡವೆಂಬ ಮಾತನ್ನು, ರಾತ್ರಿ ಕಾವಲಿಗೆ ಯಾರು ನಿಲ್ಲುತ್ತಾರೆಂದು ಹೇಳುವವರೆಗೆ, ನಾನು ಒಪ್ಪಲಾರೆ.

ಡೇರೆಗಳ ವಿಷಯ ಅಷ್ಟು ಬೇಗ ಮುಗಿಯುವಂಥದ್ದಲ್ಲ. ನಮ್ಮವರು ಸಾಮಾನ್ಯವಾಗಿ ಕುಡಿತ, ಮಾದಕ ವಸ್ತು, ಸೋಮಾರಿತನ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಮಾದಕ ವಸ್ತುವಿನ ಹಾವಳಿ ಇರುವುದು ಸುಳ್ಳಲ್ಲ, ಆದರೆ ಅದು ಬಾಡಿಗೆ ಅಗ್ಗವಿರುವ ರಾಜ್ಯಗಳಲ್ಲೂ ಇದೆ. ಡೇರೆಗಳು ಹೆಚ್ಚಿರುವುದು ಬಾಡಿಗೆ ಕೈಗೆಟುಕದ ನಗರಗಳಲ್ಲಿ. ಯಾದಗಿರಿಯಿಂದ ದುಡಿಯಲು ಹೋದವರು ಬೆಂಗಳೂರಿನಲ್ಲಿ ತಾವೇ ಕಟ್ಟುವ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ನೀಲಿ ತಾಡಪತ್ರಿಯ ಕೆಳಗೆ ಮಲಗುವುದನ್ನು ಕಂಡಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ತೆರವು ಕಾರ್ಯಾಚರಣೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ: ಮೊದಲು ನೋಟಿಸ್ ಅಂಟಿಸುತ್ತಾರೆ, ನಂತರ ಒಂದು ಬೆಳಿಗ್ಗೆ ಲಾರಿ ಬರುತ್ತದೆ, ಒದ್ದೆಯಾದ ಹಾಸಿಗೆ, ಮುರಿದ ಸೈಕಲ್, ಚೀಲಗಳು ಎಷ್ಟೋ ಸಲ ಎಲ್ಲವೂ ಒಟ್ಟಿಗೆ ಅದರೊಳಗೆ ಹೋಗುತ್ತವೆ. ಚೀಲದಲ್ಲಿ ಗುರುತಿನ ಚೀಟಿ ಇದ್ದರೆ ಅದೂ ಹೋಗಬಹುದು. ಅದಿಲ್ಲದವನಿಗೆ ಕೆಲಸವೂ ಸಿಗದು, ಮನೆಯೂ ಸಿಗದು. ಮಲಗಲು ಬೇರೆ ಜಾಗವಿಲ್ಲದಿದ್ದರೂ ಸಾರ್ವಜನಿಕ ಸ್ಥಳದಲ್ಲಿ ಮಲಗಿದವರಿಗೆ ದಂಡ ಹಾಕಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ, ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಊರಿನ ಪ್ರಕರಣದಲ್ಲಿ, ಆರು–ಮೂರರ ಬಹುಮತದಿಂದ ತೀರ್ಪು ಕೊಟ್ಟಿತು.

ಅರಾಜಕತಾವಾದಿಗಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅವರ ಭಾಷಣದಿಂದಲ್ಲ, ಅಡುಗೆಯಿಂದ. ‘ಫುಡ್ ನಾಟ್ ಬಾಂಬ್ಸ್’ ಎಂಬ ಗುಂಪು 1980ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಹುಟ್ಟಿ ಊರೂರಿಗೆ ಹಬ್ಬಿದೆ. ಅಂಗಡಿಗಳಲ್ಲಿ ಎಸೆಯಬೇಕೆಂದಿದ್ದ ತರಕಾರಿ, ಬ್ರೆಡ್ ತಂದು, ಮಾಂಸವಿಲ್ಲದ ಅಡುಗೆ ಮಾಡಿ, ಉದ್ಯಾನದಲ್ಲಿ ಬಂದವರಿಗೆಲ್ಲ ಬಡಿಸುತ್ತಾರೆ. ಬಡಿಸಿದವರೂ ಅಲ್ಲಿಯೇ ಕುಳಿತು ಅದನ್ನೇ ಉಣ್ಣುತ್ತಾರೆ, ಯಾರು, ಏಕೆ ಬಂದಿರಿ ಎಂದು ಕೇಳುವುದಿಲ್ಲ. ಶರಣಬಸವೇಶ್ವರರ ಗುಡಿಯ ದಾಸೋಹದಲ್ಲಿ ಉಂಡವರಿಗೆ ಇದರಲ್ಲಿ ಹೊಸದೇನೂ ಕಾಣದು. ಪರವಾನಗಿಯಿಲ್ಲದೆ ಅನ್ನ ಬಡಿಸಿದ್ದಕ್ಕೆ ಹಿಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಈ ಗುಂಪಿನವರನ್ನು ಬಂಧಿಸಿದ್ದು ಮಾತ್ರ ನಮ್ಮ ಊರಿನವರಿಗೆ ವಿಚಿತ್ರವೆನಿಸೀತು.

ಇನ್ನು ನಿಮ್ಮ ಮಿತಿಯ ವಿಷಯ. ನೀವು ಸೇರಲಿರುವ, ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬೋಧನಾ ಸಹಾಯಕರಿಗೆ ಕಾರ್ಮಿಕ ಸಂಘವಿದೆ. ಅದು ವಾಹನ ಕಾರ್ಮಿಕರ ಒಕ್ಕೂಟದ 4121ನೇ ಶಾಖೆ ಎಂಬುದು ತಮಾಷೆಯಾಗಿ ಕಂಡರೂ ನಿಜ. ಆ ಕೆಲಸ ಸಿಕ್ಕರೆ ಹಿಂಜರಿಯದೆ ಸದಸ್ಯರಾಗಿ; ಸಂಘ ಸೇರಲು ವೀಸಾ ಅಡ್ಡಿಯಾಗುವುದಿಲ್ಲ. ಮೆರವಣಿಗೆಯ ಮಾತು ಬೇರೆ. ಜಗತ್ ವೃತ್ತದಿಂದ ಜಿಲ್ಲಾಧಿಕಾರಿ ಕಚೇರಿಯವರೆಗೆ ನಡೆದು, ಶಾಮಿಯಾನದ ಕೆಳಗೆ ಕುಳಿತು, ಮನವಿ ಪತ್ರ ಕೊಟ್ಟು, ಬಂಧಿಸಿದರೂ ಸಂಜೆಗೆ ಬಿಟ್ಟುಬಿಡುವ ನಮ್ಮ ಪದ್ಧತಿ ಇಲ್ಲಿಲ್ಲ. ಇಲ್ಲಿ ಬಂಧನವೊಂದೇ ಸಾಕು, ಶಿಕ್ಷೆಯಾಗದಿದ್ದರೂ ವೀಸಾಕ್ಕೆ ಕುತ್ತು ಬರಬಹುದು. 2025ರಲ್ಲಿ ಪ್ರತಿಭಟನೆಯ ಕಾರಣಕ್ಕೇ ಕೆಲವು ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾಗಿದೆ. ಆದ್ದರಿಂದ ಹಗಲು ಹೊತ್ತಿನ, ಅನುಮತಿ ಪಡೆದ ಸಭೆಗೆ ಹೋಗಬೇಕೆನಿಸಿದರೂ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿ, ಮತ್ತು ಗುಂಪು ಚದುರಬೇಕೆಂದು ಪೊಲೀಸರು ಧ್ವನಿವರ್ಧಕದಲ್ಲಿ ಕೂಗಿದ ಕೂಡಲೇ ಹೊರಟುಬಿಡಿ; ಉದ್ಯಾನದ ಊಟದವರಿಗೆ ಈರುಳ್ಳಿ ಹೆಚ್ಚಿಕೊಡಲು ಹೋಗುವುದಕ್ಕೆ ನನ್ನ ತಕರಾರೇನೂ ಇಲ್ಲ.