ಪುಟ್ಟ ಕೋಣೆಗೆ ಎಂಥ ಮಂಚ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮಂಚದ್ದೇ ಜಾಸ್ತಿ. ಮಳೆ ಹಿಡಿಯುವ ಮೊದಲು ಮನೆ ಸರಿ ಮಾಡಿಕೊಳ್ಳುವ ಗಡಿಬಿಡಿ ಇರಬೇಕು. ನಾಲ್ಕು ಪ್ರಶ್ನೆ ಆರಿಸಿದ್ದೇನೆ.

ಪ್ರಶ್ನೆ: ಬಿಜೈಯಲ್ಲಿ ಫ್ಲ್ಯಾಟ್ ತಗೊಂಡಿದ್ದೇವೆ. ಬೆಡ್‌ರೂಮ್ 10 ಅಡಿ ಉದ್ದ, 9 ಅಡಿ ಅಗಲ. ಕ್ವೀನ್ ಸೈಜ್ ಮಂಚ ಬೇಕು, ಕೆಳಗೆ ಸಾಮಾನು ಇಡಲು ಜಾಗವೂ ಬೇಕು. ನಮ್ಮವರಿಗೆ ಹೈಡ್ರಾಲಿಕ್ ಆಗಬೇಕಂತೆ, ನನಗೆ ಡ್ರಾಯರ್ ಇಷ್ಟ. ರೇಷ್ಮೆ ಸೀರೆ ಇಡಬಹುದಾ? (ಬಿಜೈಯ ಓದುಗರು)

ಉತ್ತರ: ಅಂಗಡಿಗೆ ಹೋಗುವ ಮೊದಲು ಹಳೆ ಪೇಪರ್ ಜೋಡಿಸಿ 5 ಅಡಿ ಅಗಲ, ಆರೂವರೆ ಅಡಿ ಉದ್ದಕ್ಕೆ ನೆಲದ ಮೇಲೆ ಹಾಸಿ ನೋಡಿ. ಕ್ವೀನ್ ಅಂದ್ರೆ ಅಷ್ಟು. ತಲೆಭಾಗವನ್ನು 9 ಅಡಿಯ ಗೋಡೆಗೆ ಇಟ್ಟರೆ ಆಚೆ ಈಚೆ ಎರಡೆರಡು ಅಡಿ ಉಳಿಯುತ್ತದೆ. ಡ್ರಾಯರ್ ಒಂದೂವರೆ ಅಡಿ ಹೊರಗೆ ಬರುತ್ತದೆ ಅಂತಿಟ್ಟುಕೊಳ್ಳಿ, ಆಮೇಲೆ ನೀವು ಎಲ್ಲಿ ಕುಳಿತು ಬಗ್ಗುತ್ತೀರಿ? ಪಕ್ಕದ ಗೋಡೆಗೆ ಎರಡಡಿಯ ಕಪಾಟು ಬಂತೋ, ಒಂದು ಬದಿಯ ಡ್ರಾಯರ್ ಸುಮ್ನೆ ಶೋಕಿಗೆ. ಹಾಗಾಗಿ ಈ ಜಗಳದಲ್ಲಿ ಅವರಿಗೇ ನನ್ನ ವೋಟು. ಹೈಡ್ರಾಲಿಕ್ ಮುಚ್ಚಳ ಮೇಲಕ್ಕೆ ಏಳುತ್ತದೆ, ಕಾಲಿನ ಕಡೆ ನಿಂತು ಎತ್ತಲು ಜಾಗ ಇದ್ದರೆ ಸಾಕು. ಒಂದು ಮಾತು, ಆ ಮುಚ್ಚಳವನ್ನು ಎತ್ತಿ ಹಿಡಿಯುವ ಗ್ಯಾಸ್ ರಾಡ್ ಹಾಸಿಗೆಯ ಭಾರಕ್ಕೆ ತಕ್ಕ ಹಾಗೆ ಇರಬೇಕು. ಹಗುರ ಫೋಮ್‌ಗೆ ಲೆಕ್ಕ ಹಾಕಿದ ರಾಡ್ ಮೇಲೆ ದಪ್ಪ ತೆಂಗಿನ ನಾರಿನ ಹಾಸಿಗೆ ಹಾಕಿದರೆ ಮುಚ್ಚಳ ಎತ್ತಲು ಇಬ್ಬರು ಬೇಕಾಗುತ್ತದೆ. ಹಾಸಿಗೆ ಯಾವುದು ಅಂತ ಮೊದಲೇ ಹೇಳಿ ಮಾಡಿಸಿ.

ಇನ್ನು ಸೀರೆ. ಬೇಡ ಮಾರಾಯ್ರೆ.

ನಮ್ಮ ಮನೆಯದೇ ಕಥೆ ಕೇಳಿ. ಗಟ್ಟಿ ಪ್ಲೈ ಅಂತ ಹೇಳಿ ಒಂದು ಅಂಗಡಿಯವರು ಕೊಟ್ಟ ಬಾಕ್ಸ್ ಮಂಚ. ಚೌತಿಯ ಹಿಂದಿನ ದಿನ ಡ್ರಾಯರ್ ಎಳೆದರೆ ಬರುವುದೇ ಇಲ್ಲ. ಮಂಚಕ್ಕೆ ಕಾಲು ಕೊಟ್ಟು ಜೋರಾಗಿ ಎಳೆದದ್ದಕ್ಕೆ ಮುಂದಿನ ಹಲಗೆಯೇ ಕೈಗೆ ಬಂತು. ಸನ್‌ಮೈಕಾದ ಹಿಂದೆ ಪ್ಲೈಯೂ ಇಲ್ಲ, ಎಂಥದೂ ಇಲ್ಲ, ನೆನೆಸಿದ ಅವಲಕ್ಕಿ ಹಾಗೆ ಉಬ್ಬಿದ ಪಾರ್ಟಿಕಲ್ ಬೋರ್ಡ್. ಒಳಗೆ ನೇರಳೆ ಸೀರೆಯ ಮಡಿಕೆಯ ಉದ್ದಕ್ಕೂ ಬಿಳಿ ಬೂಸ್ಟು. ಪಕ್ಕದಲ್ಲೇ ನಾಲ್ಕು ನುಸಿಗುಳಿಗೆ ಹಾಯಾಗಿ ಕೂತಿದ್ದವು! ನುಸಿಗುಳಿಗೆ ಹುಳುವನ್ನು ಓಡಿಸುತ್ತದೆ, ತೇವವನ್ನಲ್ಲ. ಅವತ್ತು ಕಲಿತದ್ದು ಅದು.

ನೆಲಕ್ಕೆ ಅಂಟಿ ಕೂತ ಪೆಟ್ಟಿಗೆಯಂಥ ಮಂಚ ಒಣ ಊರಿಗೆ ಸರಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಟವೆಲ್ಲೇ ಒಣಗುವುದಿಲ್ಲ, ಇನ್ನು ಆ ಪೆಟ್ಟಿಗೆಯ ಒಳಗಿನ ಗಾಳಿ ಒಣಗುತ್ತದಾ? ಮಂಚಕ್ಕೆ ನಾಲ್ಕು ಇಂಚಿನ ಕಾಲು ಇರಲಿ, ಕೆಳಗೆ ಪೊರಕೆ ಹೋಗಬೇಕು, ಗಾಳಿ ಆಡಬೇಕು. ಹಾಸಿಗೆಯ ಅಡಿಗೆ ಇಡೀ ಪ್ಲೈ ಬದಲು ಪಟ್ಟಿ ಹೊಡೆಸಿ. ಪ್ಲೈಯೇ ಆದರೆ ಅಲ್ಲಲ್ಲಿ ತೂತು ಕೊರೆಸಿ, ಇಲ್ಲದಿದ್ದರೆ ಹಾಸಿಗೆಯ ಅಡಿಭಾಗ ಬೆವರುತ್ತದೆ. ಬಡಗಿ ನೀರು ತಡೆಯುವ ಮರೈನ್ ಪ್ಲೈ ಅಂದರೆ ತಲೆ ಆಡಿಸಬೇಡಿ, ಹಲಗೆಯ ಮೇಲೆ ಐಎಸ್ 710 ಅಂತ ಅಚ್ಚು ಉಂಟಾ ನೋಡಿ. ಐಎಸ್ 303 ಅಂತಿದ್ದರೆ ಅದು ಮಾಮೂಲಿ ಪ್ಲೈ. ಮಂಚದ ಒಳಗೆ ಸ್ಟೀಲ್ ಪಾತ್ರೆ, ಸೂಟ್‌ಕೇಸ್, ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮುಚ್ಚಳ ಎತ್ತಿ ಎರಡು ಗಂಟೆ ಫ್ಯಾನ್ ಹಾಕಿ ಬಿಡಿ. ಸೀರೆ ಕಪಾಟಿನ ಮೇಲಿನ ತಟ್ಟಿನಲ್ಲೇ ಇರಲಿ.

ಪ್ರಶ್ನೆ: ಮಕ್ಕಳಿಬ್ಬರು, 9 ಮತ್ತು 4 ವರ್ಷ. ಒಂದೇ ಕೋಣೆ. ಒಂದರ ಮೇಲೊಂದು ಇರುವ ಬಂಕ್ ಮಂಚ ಆಗಬಹುದಾ? ಸಣ್ಣವನಿಗೆ ಮೇಲೆಯೇ ಮಲಗಬೇಕಂತೆ. (ಕುಂಜಿಬೆಟ್ಟಿನ ಓದುಗರು)

ಉತ್ತರ: ಸಣ್ಣವನ ಹಟಕ್ಕೆ ಸೋಲಬೇಡಿ. 6 ವರ್ಷ ಆಗದೆ ಮೇಲಿನ ಮಂಚ ಬೇಡ. ದೊಡ್ಡ ಮಗುವನ್ನು ಮೇಲೆ ಹಾಕುತ್ತೀರಿ ಅಂದರೂ, ಹಾಸಿಗೆಯ ಮೇಲೆ ಕೂತು ಕೈ ಚಾಚಿದರೆ ಫ್ಯಾನ್ ಸಿಗುತ್ತದಾ ಅಂತ ನೋಡಿ. ನಮ್ಮ ಮನೆಗಳಲ್ಲಿ ಫ್ಯಾನ್ ಕೋಣೆಯ ನಡುವೆ ಇರುತ್ತದೆ, ಕೋಣೆ ಸಣ್ಣದಾದಷ್ಟೂ ಮಂಚ ಅದರ ಹತ್ತಿರಕ್ಕೆ ಬರುತ್ತದೆ. ತಡೆಪಟ್ಟಿ ನಾಲ್ಕೂ ಕಡೆ ಬೇಕು, ಗೋಡೆಯ ಬದಿಗೂ. ಏಣಿಯ ಹತ್ತಿರ ಮಾತ್ರ ಹತ್ತಲು ಬೇಕಾದಷ್ಟು ಸಂದು. ದಪ್ಪ ಹಾಸಿಗೆ ಹಾಕಿದರೆ ಪಟ್ಟಿ ಇದ್ದೂ ಇಲ್ಲದ ಹಾಗೆ, ನಾಲ್ಕೈದು ಇಂಚಿನದು ಸಾಕು. ಮೇಲೆ ಟೆರೇಸ್ ಇದ್ದರಂತೂ ಏಪ್ರಿಲ್, ಮೇ ತಿಂಗಳಲ್ಲಿ ಆ ಎತ್ತರದಲ್ಲಿ ಮಲಗುವುದು ಯಾರಿಗೂ ಬೇಡ.

ನಾನಾದರೆ ಮಂಚದ ಅಡಿಯಿಂದ ಇನ್ನೊಂದು ಮಂಚ ಎಳೆಯುವ ಟ್ರಂಡಲ್ ಮಾಡಿಸುತ್ತೇನೆ. ಹಗಲು ಆಡಲು ನೆಲ, ರಾತ್ರಿ ಇಬ್ಬರಿಗೂ ಹಾಸಿಗೆ. ನಿದ್ದೆಯಲ್ಲಿ ಉರುಳಿದರೂ ಅಣ್ಣನೋ ಅಕ್ಕನೋ ತಮ್ಮನ ಹಾಸಿಗೆಗೇ ಬೀಳುವುದು, ಅಲ್ವಾ? ಚಕ್ರ ರಬ್ಬರಿನದು, ಬ್ರೇಕ್ ಇರುವಂಥದ್ದು ಕೇಳಿ.

ಪ್ರಶ್ನೆ: ಬ್ರಹ್ಮಾವರದ ಹತ್ತಿರ ಹಳೆಯ ಹೆಂಚಿನ ಮನೆ, ಕೆಂಪುಕಲ್ಲಿನ ಗೋಡೆ. ಜಾತ್ರೆಗೆ ನೆಂಟರು ಬಂದಾಗ ಮಾತ್ರ ಬಿಡಿಸುವ, ಗೋಡೆಗೆ ಮಡಚುವ ಮಂಚ ಹಾಕಬೇಕು ಅಂತ ಮಗನ ಆಸೆ. (ಉಡುಪಿ ಜಿಲ್ಲೆಯ ಓದುಗರು)

ಉತ್ತರ: ಮರ್ಫಿ ಬೆಡ್ ಅನ್ನುವುದು ಅದನ್ನೇ. 20ನೇ ಶತಮಾನದ ಆರಂಭದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಒಂದೇ ಕೋಣೆಯಲ್ಲಿದ್ದ ವಿಲಿಯಂ ಮರ್ಫಿ ಎಂಬವರು ರೂಪಿಸಿದ್ದು. ಅವರಿಗೆ ಅದು ದಿನಾ ಬೇಕಿತ್ತು, ನಿಮಗೆ ವರ್ಷಕ್ಕೆ ನಾಲ್ಕು ರಾತ್ರಿ. ಕೆಂಪುಕಲ್ಲು ಮನೆ ಹೊರಲು ಗಟ್ಟಿ, ಆದರೆ ಅದರ ಮೈತುಂಬ ತೂತು. ಡ್ರಿಲ್ ಮಾಡಿದರೆ ಪುಡಿ ಉದುರುತ್ತದೆ, ಸಾದಾ ಪ್ಲಗ್ ಮತ್ತು ಸ್ಕ್ರೂ ಅಷ್ಟು ಭಾರಕ್ಕೆ ಹಿಡಿಯುವುದಿಲ್ಲ. ಹಾಕಲೇಬೇಕು ಅಂದರೆ ನೆಲದ ಮೇಲೆ ನಿಲ್ಲುವ ಗಟ್ಟಿ ಚೌಕಟ್ಟು ಮಾಡಿಸಿ, ಭಾರ ನೆಲಕ್ಕೆ ಹೋಗಲಿ. ಮೇಲ್ಭಾಗ ಮಗುಚದ ಹಾಗೆ ಮಾತ್ರ ಗೋಡೆಗೆ ಕೆಮಿಕಲ್ ಆಂಕರ್, ಅಂದರೆ ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್ ಹಾಕಿಸಿ. ಮಗ ಬೇಸರ ಮಾಡಿಕೊಳ್ಳಬಾರದು, ನನಗೆ ಕೇಳಿದರೆ ಆ ದುಡ್ಡಿಗೆ ನಾಲ್ಕು ಒಳ್ಳೆ ಹತ್ತಿಯ ಹಾಸಿಗೆ ಬರುತ್ತದೆ. ಸುತ್ತಿ ಅಟ್ಟಕ್ಕೆ ಹಾಕಿ, ಬಿಸಿಲು ಬಂದಾಗ ಅಂಗಳದಲ್ಲಿ ಒಣಗಿಸಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಸಣ್ಣ ಬಾಡಿಗೆ ರೂಮು, ಮೂರನೇ ಮಹಡಿ. ಒಬ್ಬನೇ ಇರುವುದು. ಸೋಫಾ ಕಮ್ ಬೆಡ್ ತಗೊಳ್ಳಲಾ?

ಉತ್ತರ: ದಿನಾ ಮಲಗಲಿಕ್ಕಾ? ಬೇಡ. ಅದರ ಮಡಿಕೆ ಸರಿಯಾಗಿ ಸೊಂಟದ ಕೆಳಗೆ ಬರುತ್ತದೆ, ಒಂದು ವಾರ ಆದ ಮೇಲೆ ನೀವು ಅದನ್ನು ಮಡಚುವುದನ್ನೂ ಬಿಡುತ್ತೀರಿ. 3 ಅಡಿಯ ದಿವಾನ ತಗೊಂಡು ಗೋಡೆಗೆ ಎರಡು ದಿಂಬು ಒರಗಿಸಿ, ಅದೇ ಸೋಫಾ. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ಮರದ್ದೇ ನೋಡಿ. ಬೋಲ್ಟ್ ಬಿಚ್ಚಿ ತುಂಡು ಮಾಡಲು ಬರುವಂಥದ್ದೇ ಇರಲಿ. ದುಡ್ಡು ಕೊಡುವ ಮೊದಲು ಮೆಟ್ಟಿಲಿನ ತಿರುವನ್ನೊಮ್ಮೆ ಅಳೆದು ಬನ್ನಿ.