ಡೆಡ್‌ಪ್ಯಾನ್ ಅಂದರೆ ಬಾಣಲೆ ಅಲ್ಲ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ತಿಂಗಳಾಯ್ತು, ಮ್ಯಾನೇಜರ್ ಹೇಳೋದು ತಮಾಷೆಯೋ ನಿಜವೋ ಗೊತ್ತಾಗ್ತಿಲ್ಲ ಅಂತ ಬರೆದಿದ್ದೀರಿ. ಪಕ್ಕದ ಸೀಟಿನವರು "ಅವನು ಡೆಡ್‌ಪ್ಯಾನ್, ತಲೆ ಕೆಡಿಸ್ಕೋಬೇಡ" ಅಂದರಂತೆ. ಹಾಗಂದ್ರೆ ಏನು ಅಂತ ನಿಮ್ಮ ಪ್ರಶ್ನೆ.

ಮೊದಲ ಸಲ ಆ ಪದ ಕೇಳಿದಾಗ ನನಗೆ ಸೀದುಹೋದ ಬಾಣಲೆ ನೆನಪಾಗಿತ್ತು. ಆದರೆ ಪ್ಯಾನ್ ಅಂದರೆ ಹಳೆಯ ಅಮೆರಿಕನ್ ಆಡುಮಾತಿನಲ್ಲಿ ಮುಖ. ಡೆಡ್ ಅಂದರೆ ಇಲ್ಲಿ ಅಲುಗಾಡದ್ದು. ತಾನು ನಗದೆ ಬೇರೆಯವರನ್ನು ನಗಿಸೋದು, ಅಷ್ಟೇ. 1920ರ ದಶಕದಲ್ಲಿ ಅಲ್ಲಿನ ನಾಟಕ, ಸಿನಿಮಾದವರ ಬಾಯಲ್ಲಿ ಈ ಪದ ಓಡಾಡುತ್ತಿತ್ತು. ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಹೆಸರು ಕೇಳಿರಬೇಕು ನೀವು. ಚಿಕ್ಕ ಹುಡುಗನಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ಸ್ಟೇಜ್ ಹತ್ತಿದವನು. ಅಪ್ಪ ಅವನನ್ನು ಎತ್ತಿ ಎಸೆಯೋದೇ ಆಟ! ತಾನು ನಕ್ಕರೆ ಜನ ಕಡಿಮೆ ನಗ್ತಾರೆ ಅಂತ ಅವನಿಗೆ ಆಗಲೇ ಗೊತ್ತಾಯ್ತು. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಸಿನಿಮಾದಲ್ಲಿ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತೆ. ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೇ ಬಂದದ್ದರಿಂದ ಬಚಾವ್. ಯೂಟ್ಯೂಬ್‌ನಲ್ಲಿ ನೋಡಿ, ನಿಮ್ಮ ಮ್ಯಾನೇಜರ್ ಅರ್ಥವಾಗ್ತಾರೆ.

ಪದ ಅಮೆರಿಕದ್ದಾದರೂ ಲೀಡ್ಸ್ ಇರೋ ಈ ಯಾರ್ಕ್‌ಷೈರ್ ಸೀಮೆಯಲ್ಲಿ ದಿನಾ ಸಿಗೋ ಸರಕು. ವ್ಯಂಗ್ಯ ಅಂತ ತಿಳ್ಕೊಂಡು ಬೇಜಾರಾಗಬೇಡಿ. ವ್ಯಂಗ್ಯ ಚುಚ್ಚುತ್ತೆ, ಇದು ಸಾಮಾನ್ಯವಾಗಿ ಚುಚ್ಚೋದಿಲ್ಲ.

ನಾನು ಇಲ್ಲಿ ಕೆಲಸಕ್ಕೆ ಸೇರಿದ್ದು ಜನವರಿಯಲ್ಲಿ. ಹೊರಗೆ ಅಡ್ಡಮಳೆ. ಸಹೋದ್ಯೋಗಿಯೊಬ್ಬ ಕಿಟಕಿ ನೋಡಿ "ಊಟ ಹೊರಗೆ ಹುಲ್ಲಿನ ಮೇಲೆ ಮಾಡೋಣ್ವಾ?" ಅಂದ. ನಾನು ಪಾಪದವನು, ಡಬ್ಬಿ ತಗೊಂಡು ಜಾಕೆಟ್ ಹಾಕ್ಕೊಂಡೆ. ಅವನು ಅದೇ ಮುಖದಲ್ಲಿ "ಸನ್‌ಗ್ಲಾಸ್ ಮರೀಬೇಡ" ಅಂದ. ಆಮೇಲೆ ಇಡೀ ಆಫೀಸೇ ನಕ್ಕಿತು, ಅವನೊಬ್ಬನನ್ನು ಬಿಟ್ಟು.

"ತಮಾಷೆ ಮಾಡ್ತಿದ್ದೀರಾ?" ಅಂತ ಮಾತ್ರ ಕೇಳಬೇಡಿ, ಮಜಾ ಅಲ್ಲಿಗೇ ಮುಗಿಯಿತು. ನೀವೂ ಮುಖ ಅಲುಗಿಸದೆ ಒಂದು ಮಾತು ಸೇರಿಸಿ. ನನಗೆ ಅದಕ್ಕೆ ಎರಡು ವರ್ಷ ಬೇಕಾಯ್ತು. ಒಂದು ದಿನ ಅದೇ ಮನುಷ್ಯ ನನ್ನ ಡಬ್ಬಿಯ ಹಸಿಮೆಣಸಿನಕಾಯಿ ಚಟ್ನಿ ತೋರಿಸಿ "ಖಾರ ಇದೆಯಾ?" ಅಂದ. "ಇಲ್ಲ, ಮಕ್ಕಳಿಗೆ ಮಾಡಿದ್ದು" ಅಂದೆ. ಒಂದು ಚಮಚ ಪೂರ್ತಿ ಬಾಯಿಗೆ ಹಾಕ್ಕೊಂಡ. ಕಿವಿ ಕೆಂಪಾಯ್ತು, ಕಣ್ಣಲ್ಲಿ ನೀರು. ಎರಡು ಲೋಟ ನೀರು ಕುಡಿದು ಹೇಳಿದ: "ಸ್ವಲ್ಪ ಸಪ್ಪೆ."